ಎಡಗಡೆಯ ಚಕ್ರ, ಹಸಿರು ನೀರು

ಬುಧವಾರ ಮಧ್ಯಾಹ್ನ ನಮ್ಮ ಸರ್ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಎಡಗಡೆಯ ಮುಂದಿನ ಟೈರಿನಲ್ಲಿ ಅರ್ಧ ಗಾಳಿಯೂ ಇರಲಿಲ್ಲ. ಚಕ್ರದ ಪ್ಲಾಸ್ಟಿಕ್ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಬಂಪರಿನ ಎಡಮೂಲೆಯ ಕೆಳಗಿನಿಂದ ಹಸಿರು ನೀರು ಹನಿ ಹನಿಯಾಗಿ ಬೀಳುತ್ತಿತ್ತು.

"ಜಗತ್ ಸರ್ಕಲ್ ಕಡೆ ಫುಟ್‌ಪಾತಿನ ಕಲ್ಲಿಗೆ ಬಡೀತಪಾ," ಅಂದರು ಸರ್. "ಕಲ್ಲು ರೋಡಿನಾಗ ಬಂದದ. ಹ್ಯಾಂಗ ಕಟ್ಯಾರೋ ಏನೋ."

ಅವರ ಪಕ್ಕದ ಸೀಟಿನಿಂದ ಕಾಕು ನಿಧಾನವಾಗಿ ಇಳಿದು ಬಂದರು. ಸರ್ ಅವರ ಹೆಂಡತಿಯನ್ನು ನಾವು ಹಳೆಯ ವಿದ್ಯಾರ್ಥಿಗಳೆಲ್ಲ ಕಾಕು ಅಂತಲೇ ಕರೆಯುವುದು. "ನಂದಾ ತಪ್ಪು. ನನಗ ಜರಾ ಕಣ್ಣು ಹತ್ತಿತ್ತು," ಅಂದರು ಅವರು. ಗಂಡ ಓಡಿಸುವ ಗಾಡಿ ಕಲ್ಲಿಗೆ ಬಡಿದರೆ ಪಕ್ಕದಲ್ಲಿ ಕುಳಿತು ನಿದ್ದೆಹೋದವರ ತಪ್ಪು ಹೇಗಾದೀತು? ಗಂಡನ ಮಾನ ಉಳಿಸುವ ಮಾತು ಅಂದುಕೊಂಡು ನಾನು ಅವರಿಗೆ ಕುರ್ಚಿ ಹಾಕಿದೆ.

ಕಮಲಾಪುರದ ಶಾಲೆಯಲ್ಲಿ ನಾನು ಮೂರು ವರ್ಷ ಸರ್ ಬಳಿ ಕನ್ನಡ ಕಲಿತೆ. ನಮ್ಮ ಮನೆಯಲ್ಲಿ ದಖನಿ ಮಾತು. ಅವರ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಇವತ್ತು ಬರೆಯುತ್ತಿರುವ ಈ ನಾಲ್ಕು ಸಾಲು ಅವರು ಕಲಿಸಿದ್ದು. ನಾನು ಕಲಬುರಗಿಗೆ ಬಂದು ಹುಮನಾಬಾದ್ ಕಡೆ ಹೋಗುವ ರಸ್ತೆಯ ಮೇಲೆ ಗ್ಯಾರೇಜು ಹಾಕಿದ ಮೇಲೆ ಅವರ ಗಾಡಿಗೆ ಬೇರೆ ಯಾರೂ ಪಾನಾ ಹಚ್ಚಿಲ್ಲ. ಕಾಕು ಅವರ ಎರಡೂ ಕಿಡ್ನಿ ಕೈಕೊಟ್ಟಿವೆ. ಬುಧವಾರ, ಶನಿವಾರ ಕಮಲಾಪುರದಿಂದ ಕಲಬುರಗಿಗೆ ಬಂದು ಡಯಾಲಿಸಿಸ್ ಮಾಡಿಸಬೇಕು. ಮಷಿನ್ನಿನಿಂದ ಎದ್ದ ಮೇಲೆ ಅವರಿಗೆ ಹತ್ತು ಹೆಜ್ಜೆ ನಡೆಯುವುದೂ ಕಷ್ಟ, ಬಸ್ಸಿನ ಮಾತು ದೂರವೇ ಉಳಿಯಿತು. ಮಕ್ಕಳಿಲ್ಲದ ಮನೆ. ಹೀಗಾಗಿ ಆ ಸಣ್ಣ ಕಾರು ಕಾಕು ಅವರ ಜೀವದ ಗಾಡಿಯೇ ಆಗಿತ್ತು, ಅದನ್ನು ಓಡಿಸುವವರು ಸರ್ ಒಬ್ಬರೇ. ಇಬ್ಬರನ್ನೂ ಪರಿಚಯದ ಟ್ಯಾಕ್ಸಿಯಲ್ಲಿ ಊರಿಗೆ ಕಳಿಸಿ ಕೆಲಸ ಶುರುಮಾಡಿದೆ.

ಕಲ್ಲಿಗೆ ಬಡಿದ ಚಕ್ರವನ್ನು ಹೊರಗಿನಿಂದ ನೋಡಿ ತೀರ್ಪು ಕೊಡಬಾರದು. ಜಾಕ್ ಏರಿಸಿ, ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಸ್ಕ್ರೂಡ್ರೈವರ್ ಹಿಡಿದು ಚಕ್ರ ತಿರುಗಿಸಿದೆ. ಒಂದು ಕಡೆ ಸಂದು ಬೆರಳಿನಷ್ಟು ಅಗಲವಾಯಿತು. ರಿಮ್ಮಿನ ಒಳ ಅಂಚು ಬಾಗಿತ್ತು. ಅಲ್ಲಿ ಸಾಬೂನು ನೀರು ಸವರಿದರೆ ಗುಳ್ಳೆಗಳು ಎದ್ದವು. ಗಾಳಿ ಹೋಗುತ್ತಿದ್ದುದು ಅಲ್ಲಿಂದ. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬೇರೆ. ಒಳಗಿನ ದಾರ ಹರಿದರೆ ಹೀಗೆ ಉಬ್ಬುತ್ತದೆ, ಅಂಥ ಟೈರು ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಆಮೇಲೆ ಒಂದೊಂದು ಮುಂದಿನ ಚಕ್ರದ ನಟ್ಟನಡುವಿನಿಂದ ಆ ಕಡೆಯ ಬಾಗಿಲಿನ ಕೆಳಪಟ್ಟಿಯವರೆಗೆ ದಾರ ಹಿಡಿದು ಅಳೆದೆ. ಎಡಗಡೆಯದು ಒಂದು ಬೆರಳು ಹಿಂದಕ್ಕೆ ಸರಿದಿತ್ತು. ಅಂದರೆ ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳೂ ಬಾಗಿದೆ. ರಿಮ್ಮನ್ನು ಬಡಿದು ನೆಟ್ಟಗೆ ಮಾಡಲು ನೋಡಿದೆ, ಅಂಚಿನಲ್ಲಿ ಬಿರುಕು ಬಂತು, ಬಿಟ್ಟೆ. ಸ್ಟೆಪ್ನಿಯ ರಿಮ್ಮು, ಹೊಸ ಟೈರು, ಹೊಸ ತೋಳು ಹಾಕಿ ಅಲೈನ್‌ಮೆಂಟ್ ಮಾಡಿಸಿದೆ.

ಈ ಕೆಲಸ ಮಾಡುವಾಗಲೇ ಎಡಗಡೆಯ ಹಿಂದಿನ ಚಕ್ರದ ಮೇಲೂ, ಬಾಗಿಲ ಕೆಳಗೂ ಇದ್ದ ಗೀರುಗಳನ್ನು ಕಂಡೆ. ಕೆಲವು ತುಕ್ಕು ಹಿಡಿದು ಕಪ್ಪಾಗಿದ್ದವು, ಕೆಲವು ಈಗ ತಾನೆ ಕೆಂಪಾಗುತ್ತಿದ್ದವು. ಎಲ್ಲವೂ ಎಡಗಡೆ. ಬಲಗಡೆ ಒಂದೇ ಒಂದು ಗೀರಿಲ್ಲ. ನನಗೆ ಇದು ಹೊಸ ಸುದ್ದಿಯೂ ಅಲ್ಲ. ಒಂದು ವರ್ಷದ ಹಿಂದೆ ಎಡಗಡೆಯ ಕನ್ನಡಿ ಮುರಿದು ಬಂದಿತ್ತು, ನಾನೇ ಹಾಕಿಕೊಟ್ಟಿದ್ದೆ. ಆರು ತಿಂಗಳ ಹಿಂದೆ ಎಡಗಡೆಯ ಹಿಂದಿನ ಟೈರು ಸೀಳಿ ಬಂದಿತ್ತು, ಅದನ್ನೂ ನಾನೇ ಬದಲಿಸಿದ್ದೆ. ಪ್ರತಿಸಲವೂ ಸರ್ ಸಂಕೋಚದಿಂದ ನಿಂತಾಗ ನಾನೇ ಅವರಿಗೆ ಮಾತು ಒದಗಿಸಿದ್ದೆ: "ರೋಡ್ ಛಲೋ ಇಲ್ಲ ಬಿಡ್ರಿ ಸರ್. ಎಲ್ಲರ ಗಾಡೀನೂ ಹಿಂಗಾ ಬರ್ತಾವ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೇರೆ ಗಿರಾಕಿಯಾಗಿದ್ದರೆ ನಾನು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದೆ, ಎಡಗಡೆ ನೋಡಿ ಓಡಿಸಲು ಏನು ಧಾಡಿ ಅಂತ. ನನ್ನ ಬಾಯಿ ಒಳ್ಳೆಯದಲ್ಲ ಎಂದು ಈ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಸರ್ ಮುಂದೆ ನಾನು ಇನ್ನೂ ಏಳನೇ ತರಗತಿ.

ಉಳಿದದ್ದು ಹಸಿರು ನೀರು. ಬೆರಳಿಗೆ ಹಚ್ಚಿ ನೋಡಿದೆ. ಜಾರುತ್ತಿತ್ತು. ಇಂಜಿನ್ ತಣ್ಣಗಿಡುವ ಕೂಲೆಂಟ್ ಕೂಡ ಹಸಿರೇ, ಅದೂ ಜಾರುತ್ತದೆ. ಡಬ್ಬಿ ತೆಗೆದು ನೋಡಿದರೆ ಕೂಲೆಂಟ್ ಗೆರೆಗಿಂತ ಸ್ವಲ್ಪ ಕೆಳಗೆ. ಸರಿ, ರೇಡಿಯೇಟರಿಗೇ ಪೆಟ್ಟಾಗಿದೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಮೂಗಿಗೆ ಹಿಡಿದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆ ವಾರ ನನಗೆ ನೆಗಡಿ. ಕೈಪಂಪು ಹಚ್ಚಿ ರೇಡಿಯೇಟರಿನಲ್ಲಿ ಒತ್ತಡ ತುಂಬಿಸಿ ಅರ್ಧ ಗಂಟೆ ಬಿಟ್ಟೆ. ಮುಳ್ಳು ಒಂದಿಷ್ಟೂ ಇಳಿಯಲಿಲ್ಲ. ಗುರುವಾರ ಬೆಳಿಗ್ಗೆ ಗಾಡಿಯ ಕೆಳಗೆ ಹಾಸಿದ್ದ ಬಿಳಿ ರಟ್ಟೂ ಒಣಗಿಯೇ ಇತ್ತು. ಸೋರುತ್ತಿಲ್ಲದ ಸೋರಿಕೆಯನ್ನು ಎಲ್ಲಿ ಅಂತ ಹುಡುಕುವುದು? ಪೈಪಿನ ಕ್ಲಿಪ್ಪು ಸಡಿಲವಿರಬೇಕೆಂದು ಎಲ್ಲವನ್ನೂ ಬಿಗಿ ಮಾಡಿ, ಕೂಲೆಂಟ್ ಗೆರೆಗೆ ತುಂಬಿಸಿ, ಕೆಲಸ ಮುಗಿಯಿತೆಂದೆ.

ಶುಕ್ರವಾರ ಸರ್ ಬಸ್ಸಿನಲ್ಲಿ ಬಂದು ಗಾಡಿ ತೆಗೆದುಕೊಂಡರು. ರಿಪೇರಿಯಾದ ಗಾಡಿಯನ್ನು ಯಜಮಾನರ ಕೈಯಲ್ಲೇ ಓಡಿಸಿ ನೋಡುವುದು ನನ್ನ ಪದ್ಧತಿ. ನನಗೆ ಕೆಲಸ ಕಲಿಸಿದ ಉಸ್ತಾದ್ ಹೇಳುತ್ತಿದ್ದರು, ಗಾಡಿಯ ರೋಗ ಅರ್ಧ ಇಂಜಿನ್ನಿನಲ್ಲಿ, ಅರ್ಧ ಓಡಿಸುವವನ ಕೈಯಲ್ಲಿ ಇರುತ್ತದೆ, ಪಕ್ಕ ಕೂತು ಎರಡನ್ನೂ ನೋಡು ಅಂತ. ಎಲ್ಲರ ಪಕ್ಕದಲ್ಲೂ ನಾನು ಕೂರುತ್ತೇನೆ. ಆದರೆ ಗುರುವಿನ ಸರಿಸಮ ಕೂರುವುದು ನಮ್ಮ ಮನೆಯಲ್ಲೂ ಇಲ್ಲ, ಅವರ ಮನೆಯಲ್ಲೂ ಇಲ್ಲ. ಇಷ್ಟು ವರ್ಷ ಸರ್ ಗಾಡಿಯಲ್ಲಿ ನಾನು ಹಿಂದಿನ ಸೀಟಿನಲ್ಲಿ, ಅವರ ಬೆನ್ನ ಹಿಂದೆ ಕೂತೇ ಟ್ರಯಲ್ ನೋಡಿದ್ದು. ಆ ದಿನವೂ ಅಷ್ಟೇ. ಅಲ್ಲಿಂದ ಸ್ಟೇರಿಂಗು ಅದುರುವುದಿಲ್ಲ, ಗಾಡಿ ಒಂದು ಕಡೆ ಎಳೆಯುವುದಿಲ್ಲ ಎಂದಷ್ಟೇ ಗೊತ್ತಾಯಿತು. "ಫಸ್ಟ್ ಕ್ಲಾಸ್ ಅದ," ಅಂದರು ಸರ್. ಖುಷಿಯಾದರು. ನಾನೂ ಆದೆ.

ಶನಿವಾರ ಒಂಬತ್ತೂವರೆಗೆ ಅವರು ಮತ್ತೆ ಬಂದರು. ಕಾಕುವನ್ನು ಆಸ್ಪತ್ರೆಯಲ್ಲಿ ಮಷಿನ್ನಿಗೆ ಹಚ್ಚಿಸಿ ಸೀದಾ ನನ್ನಲ್ಲಿಗೆ.

"ಮತ್ತ ಸೋರಾಕತ್ತದ ನೋಡಪಾ. ಮುಂಜಾನೆ ಹೊಂಡೂ ಮುಂದ ನೆಲಾ ಎಲ್ಲಾ ಹಸಿ."

ನನಗೆ ನಾಚಿಕೆಯಾಯಿತು. ಕೂಲೆಂಟ್ ನೋಡಿದೆ, ಗೆರೆಯಿಂದ ಕೂದಲಷ್ಟೂ ಇಳಿದಿರಲಿಲ್ಲ. ಆದರೂ ಬಂಪರಿನ ಮೂಲೆಯಲ್ಲಿ ಹಸಿರು ಹನಿ. ಆ ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿದೆ. ನೊರೆ ಬಂತು. ನೆಗಡಿ ಬಿಟ್ಟಿತ್ತು, ಮೂಗಿಗೆ ಹಿಡಿದರೆ ಪಾತ್ರೆ ತಿಕ್ಕುವ ಸಾಬೂನಿನ ವಾಸನೆ.

"ಸರ್, ಕಾಜು ತೊಳಿಯೋ ಡಬ್ಬಿಗಿ ಏನು ಹಾಕ್ತೀರಿ?"

"ನೀರು. ಜರಾ ಭಾಂಡೆ ತಿಕ್ಕೋ ಲಿಕ್ವಿಡ್ ಕೂಡಸ್ತೀನಿ. ಹಸಿರಂದು. ಇವತ್ತ ಮುಂಜಾನೆ ಬಾಯಿತನಕ ತುಂಬೀನಿ."

ಚಕ್ರ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಗಾಜು ತೊಳೆಯುವ ನೀರಿನ ಡಬ್ಬಿ ಈ ಗಾಡಿಯಲ್ಲಿ ಎಡಮೂಲೆಯಲ್ಲಿ, ಬಂಪರಿನ ಹಿಂದೆ ಅಡಗಿರುತ್ತದೆ. ಕಲ್ಲಿನ ಪೆಟ್ಟಿಗೆ ಅದರ ಕುತ್ತಿಗೆಯ ಹತ್ತಿರ ಕೂದಲೆಳೆಯ ಬಿರುಕು. ತುಂಬ ತುಂಬಿಸಿದರೆ ಬಿರುಕಿನವರೆಗಿನ ನೀರು ಸೋರುತ್ತದೆ, ಆಮೇಲೆ ನಿಂತುಬಿಡುತ್ತದೆ. ನನ್ನ ಗ್ಯಾರೇಜಿನಲ್ಲಿ ಯಾರೂ ತುಂಬಿಸಲಿಲ್ಲ, ಆದ್ದರಿಂದ ಸೋರಲಿಲ್ಲ. ಗುಟ್ಟು ಅಷ್ಟೇ. ರೇಡಿಯೇಟರಿನ ಜನ್ಮ ಜಾಲಾಡಿದ ನನ್ನ ಬಗ್ಗೆ ನನಗೇ ನಗು ಬಂತು.

ನಗುತ್ತಲೇ ಕೇಳಿದೆ. "ಈ ಡಬ್ಬಿಗಿ ನಮ್ಮ ಗಿರಾಕಿ ಯಾರೂ ವರ್ಷಕ್ಕೊಮ್ಮೆ ಸೈತ ನೀರು ಹಾಕಂಗಿಲ್ರಿ. ಬುಧವಾರ ತುಂಬಿತ್ತು, ಇವತ್ತೂ ತುಂಬೀರಿ. ಇಷ್ಟು ನೀರು ಎಲ್ಲಿ ಖರ್ಚು ಆಗ್ತದ?"

"ಕಾಜು ಹೊಲಸು ಇರ್ತದಲ್ಲಪ್ಪಾ. ಎಡಗಡಿ. ಎಷ್ಟು ತೊಳದ್ರೂ ಮಸಕ ಮಸಕ. ಹಾದ್ಯಾಗ ನಾಕು ಸಲ ತೊಳಿಬೇಕಾಗ್ತದ. ಬ್ಯಾರೆ ಕಾಜು ಹಾಕಸಬೇಕಂತ ಮಾಡೀನಿ."

ನಾನು ಒದ್ದೆ ಕೈ ಒರೆಸಿಕೊಂಡು ಅವರ ಸೀಟಿನಲ್ಲಿ ಕೂತೆ. ಬಿಸಿಲು ನೇರ ಗಾಜಿನ ಮೇಲಿತ್ತು. ಎಡಗಡೆ ನೋಡಿದೆ, ಬಲಗಡೆ ನೋಡಿದೆ. ವೈಪರಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು, ಅಷ್ಟು ತಿಕ್ಕಿದ್ದರು. ಗಾಜಿನ ಮೇಲೆ ಒಂದು ಚುಕ್ಕೆ ಕೊಳೆ ಇರಲಿಲ್ಲ. ಇಂಥ ಸ್ವಚ್ಛ ಗಾಜನ್ನು ನಾನು ಹೊಸ ಗಾಡಿಯಲ್ಲೂ ನೋಡಿಲ್ಲ. ಒಂದು ವರ್ಷದ ಕನ್ನಡಿ, ಟೈರು, ಗೀರುಗಳೆಲ್ಲ ಒಟ್ಟಿಗೆ ನೆನಪಾದವು.

ಸುಮ್ಮನೆ ಬಿರುಕಿಗೆ ಅಂಟು ಹಚ್ಚಿ ಕಳಿಸಬಹುದಿತ್ತು. ಒಂದು ಗಳಿಗೆ ಹಾಗೆ ಮಾಡೋಣ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಸರ್ ಗಾಡಿ ಬಿಟ್ಟರೆ ಕಾಕು ಗತಿ ಏನು? ಆದರೆ ಎಡಗಡೆಯ ಸೀಟಿನಲ್ಲಿ ಕೂರುವವರೂ ಕಾಕುವೇ. ಚಕ್ರ ಹಾಕಿ, "ಸರ್, ಒಂದು ಟ್ರಯಲ್ ನೋಡೋಣ್ರಿ," ಅಂದೆ. ಅವರು ಸ್ಟೇರಿಂಗಿಗೆ ಕೂತ ಮೇಲೆ ನಾನು ಎಡಗಡೆಯ ಮುಂದಿನ ಬಾಗಿಲು ತೆರೆದು ಅವರ ಪಕ್ಕ ಕೂತೆ. ಅವರು ಒಂದು ಸಲ ನನ್ನನ್ನು ನೋಡಿ ಗಾಡಿ ಹೊರಡಿಸಿದರು.

ಅರ್ಧ ಕಿಲೋಮೀಟರು ಹೋಗಿರಲಿಲ್ಲ. ಮುಂದೆ ರಸ್ತೆಯ ಎಡಕ್ಕೆ ಬಾಳೆಹಣ್ಣಿನ ತಳ್ಳುಗಾಡಿ ನಿಂತಿತ್ತು, ಅದರ ಪಕ್ಕದಲ್ಲಿ ಒಬ್ಬ ಹೆಂಗಸು ಹಣ್ಣು ಆರಿಸುತ್ತಿದ್ದಳು. ನಮ್ಮ ಗಾಡಿ ನೆಟ್ಟಗೆ ಅವಳ ಕಡೆಗೇ ಹೋಗುತ್ತಿತ್ತು. ಸರ್ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಅವರು ನೋಡಿಯಾರು, ಈಗ ನೋಡಿಯಾರು ಅಂತ ಕಾದೆ. ಕೊನೆಗೆ ನಾನೇ ಸ್ಟೇರಿಂಗು ಬಲಕ್ಕೆ ಎಳೆದು ಹ್ಯಾಂಡ್‌ಬ್ರೇಕು ಎತ್ತಿದೆ. ಇಂಜಿನ್ ಬಂದ್ ಆಯಿತು. ಹೆಂಗಸು ಸೆರಗು ಎಳೆದುಕೊಂಡು ಹಿಂದೆ ಸರಿದಳು.

"ಈ ಬಂಡಿ ಎಲ್ಲಿಂದ ಬಂತು?" ಅಂದರು ಸರ್.

"ಅಲ್ಲೇ ನಿಂತಿತ್ರಿ, ಸರ್."

ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದೆವು. ನಾನು ಹೇಳಿದೆ, "ಸರ್, ಬಲಗಣ್ಣು ಕೈಲೆ ಮುಚ್ಚಿ ಮುಂದ ನೋಡ್ರಿ." ಅವರು ಯಾಕೆ ಅಂತ ಕೇಳದೆ ಮುಚ್ಚಿಕೊಂಡರು. ಆಮೇಲೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು. ನಾನು ಒಂದೂವರೆ ಅಡಿ ದೂರದಲ್ಲಿ ಕೂತಿದ್ದೆ, ಅವರು ನನ್ನನ್ನು ಹುಡುಕುತ್ತಿದ್ದರು.

"ಎಲ್ಲಿದ್ದೀಯೋ ತಮ್ಮಾ?"

"ಇಲ್ಲೇ ಅದೀನ್ರಿ."

ಕೈ ತೆಗೆದು ಅವರು ಗಾಡಿಯ ಚಾವಿ ಕಿತ್ತು ನನ್ನ ಕೈಗೆ ಕೊಟ್ಟರು. ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಾಕು ಮಷಿನ್ನಿನಿಂದ ಎದ್ದೇಳಲು ಇನ್ನೂ ಮೂರು ಗಂಟೆ ಇತ್ತು. ಜೇವರ್ಗಿ ಕಾಲೋನಿಯ ಒಂದು ಕಣ್ಣಿನ ದವಾಖಾನೆಗೆ ಅವರನ್ನು ಕರೆದೊಯ್ದೆ. ಅಲ್ಲೊಂದು ಮಷಿನ್ನಿನೊಳಗೆ ಗದ್ದ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಪರದೆಯ ಈಚೆ ನಿಂತಿದ್ದೆ. ಬಲಗಣ್ಣಿನ ಸರದಿಯಲ್ಲಿ ಗುಂಡಿಯ ಸದ್ದು ಸಾಕಷ್ಟು ಕೇಳಿತು, ನಡುನಡುವೆ ತಪ್ಪಿತು. ಎಡಗಣ್ಣಿನ ಸರದಿ ಬಂದಾಗ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾನು ಗುಂಡಿ ಕೆಟ್ಟಿರಲಿ ಅಂತ ಬೇಡಿಕೊಂಡೆ.

ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸಿನವರಿರಬೇಕು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಬಂದಿದೆ ಎಂದರು. ಇದರಲ್ಲಿ ನೋವಿರುವುದಿಲ್ಲ, ಬದಿಯ ನೋಟ ಮೊದಲು ಹೋಗುತ್ತದೆ, ಬಹಳ ಜನ ಮಸುಕು ಅಂದುಕೊಂಡು ಸುಮ್ಮನಿರುತ್ತಾರೆ. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣಿಗೂ ಮೂಗಿನ ಕಡೆಯಿಂದ, ಅಂದರೆ ಎಡಗಡೆಯಿಂದಲೇ, ಶುರುವಾಗಿದೆ. ದಿನಾ ಔಷಧ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಗಾಡಿ ಓಡಿಸುವುದು ಇವತ್ತಿಗೆ ಮುಗಿಯಿತು.

"ಎಡಗಡೆ ಬಡಿಯೋದು ಯಾವಾಗ ಶುರು ಆತು, ಸರ್?" ಅಂತ ಡಾಕ್ಟರು ಕೇಳಿದರು. ಕಲ್ಲಿಗೆ ಬಡಿದದ್ದನ್ನು ಬಂದ ಕೂಡಲೇ ಅವರಿಗೆ ಹೇಳಿದ್ದೆವು.

"ಮೊನ್ನೆ ಬುಧವಾರ," ಅಂದರು ಸರ್.

"ಇಲ್ರಿ ಡಾಕ್ಟರ್. ಒಂದು ವರ್ಷ ಆತ್ರಿ," ಅಂದೆ. ಕನ್ನಡಿ, ಹಿಂದಿನ ಟೈರು, ಗೀರು, ಎಲ್ಲ ಹೇಳಿದೆ. ಸರ್ ನನ್ನ ದನಿ ಬಂದ ಕಡೆ ಮುಖ ಪೂರ್ತಿ ತಿರುಗಿಸಿ ಕೇಳುತ್ತಿದ್ದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ಆವಾಗ ಬಂದಿದ್ರ ಎಡಗಣ್ಣು ಇಷ್ಟು ಹೋಗ್ತಿದ್ದಿಲ್ಲ," ಅಂದರು. ಅವರು ಯಾರನ್ನೂ ದೂರಲಿಲ್ಲ. ಇದ್ದದ್ದನ್ನು ಹೇಳಿದರು, ನಾನು ಟೈರಿನ ಉಬ್ಬಿನ ಬಗ್ಗೆ ಗಿರಾಕಿಗೆ ಹೇಳುವ ಹಾಗೆ.

ಕಾಕುವನ್ನು ಕರೆದುಕೊಂಡು ಕಮಲಾಪುರಕ್ಕೆ ಹೊರಟಾಗ ಸ್ಟೇರಿಂಗು ನನ್ನ ಕೈಯಲ್ಲಿತ್ತು, ಸರ್ ನನ್ನ ಪಕ್ಕದಲ್ಲಿ, ಕಾಕು ಹಿಂದೆ ಒರಗಿಕೊಂಡು. ಸರ್ ಅವರೇ ಎಲ್ಲವನ್ನೂ ಹೇಳಿದರು, ಪಾಠ ಒಪ್ಪಿಸಿದ ಹಾಗೆ, ಒಂದೂ ಬಿಡದೆ.

"ನನಗ ಗೊತ್ತಿತ್ತು," ಅಂದರು ಕಾಕು. "ಸೈಕಲ್ ಬಂತು, ಕಲ್ಲು ಬಂತು, ಜರಾ ಬಲಕ್ಕ ತೊಗೋರಿ ಅಂತ ನಾನಾ ಹೇಳ್ತಿದ್ದೆ. ಎಡಗಡಿ ನಾನಾ ನೋಡ್ತಿದ್ದೆ. ಬುಧವಾರ ಕಣ್ಣು ಹತ್ತಿಬಿಡ್ತು."

"ಮತ್ತ ಬಾಯಿ ಬಿಟ್ಟು ಯಾಕ ಹೇಳಲಿಲ್ಲ?"

"ನನ್ನ ಸಲುವಾಗೇ ಓಡಸ್ತೀರಿ. ಕಣ್ಣು ಕಾಣಂಗಿಲ್ಲ ನಿಮಗ ಅಂತ ಯಾವ ಬಾಯಿಲೆ ಹೇಳಲಿ?"

ಸರ್ ನನ್ನ ಕಡೆ ತಿರುಗಿದರು. "ನೀನು?"

"ನೀವು ನಮ್ಮ ಸರ್ ಅಲ್ರೀ," ಅಂದೆ.

"ನೀ ತಪ್ಪು ಬರದಾಗ ನಾ ಕೆಂಪು ಗೆರಿ ಹೊಡೀಲಿಲ್ಲೇನೋ?" ಅಂದರು ಅವರು. ದನಿ ಏರಿಸಲಿಲ್ಲ. "ಪಾಪ, ಹುಡುಗ ನೊಂದಾನು ಅಂತ ಬಿಟ್ಟಿದ್ರ ನಿನಗ ಒಂದಕ್ಷರ ಬರ್ತಿತ್ತೇನು?"

ನಾನು ಅತ್ತೆ. ನಲವತ್ತೈದು ದಾಟಿದ ಗಂಡಸು, ಗಾಡಿ ಓಡಿಸುತ್ತಾ, ಅವರಿಬ್ಬರ ಮುಂದೆ. ಕಮಲಾಪುರ ಬಂತು, ಮನೆಯ ಮುಂದೆ ನಿಲ್ಲಿಸಿದೆ. ಇಳಿಯುವಾಗ ಸರ್ ಬಾಗಿಲು ಹಿಡಿದು ಕಾಲಿನಿಂದ ನೆಲ ತಡವಿ ನೋಡಿದರು. ಹಿಂದಿನಿಂದಲೂ ಹಾಗೆ ಮಾಡುತ್ತಿದ್ದರೋ, ಅವತ್ತೇ ಶುರುವಾಯಿತೋ, ನಾನು ಮೊದಲು ಗಮನಿಸಿರಲಿಲ್ಲ.

ಈಗ ಅವರು ಬಸ್ಸಿನಲ್ಲಿ ಬರುತ್ತಾರೆ, ವಾರಕ್ಕೆ ಎರಡು ಸಲ ಟ್ಯಾಕ್ಸಿ ಅವರ ಪಿಂಚಣಿಗೆ ನಿಲುಕದು. ಸರ್ ಕೈಯನ್ನು ಕಾಕು ಹಿಡಿದಿರುತ್ತಾರೆ, ಕಾಕು ಬ್ಯಾಗನ್ನು ಸರ್ ಹಿಡಿದಿರುತ್ತಾರೆ. ತಿರುಗಿ ಹೋಗುವಾಗ ನಾನು ಬಿಟ್ಟುಬರುತ್ತೇನೆ, ಕೆಲಸದ ಒತ್ತಡವಿದ್ದ ದಿನ ಅದೂ ಆಗುವುದಿಲ್ಲ. ಆ ದಿನ ಅವರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿರುತ್ತಾರೋ, ನಾನು ಕೇಳಿಲ್ಲ, ಅವರು ಹೇಳಿಲ್ಲ. ಗಾಡಿ ಇಟ್ಟುಕೊಳ್ಳಿ, ಡ್ರೈವರನ್ನು ನೋಡೋಣ ಎಂದು ಎರಡು ಸಲ ಹೇಳಿ ನೋಡಿದೆ. ಮನೆಯ ಮುಂದೆ ಅದು ನಿಂತಿದ್ದರೆ ದಿನಾ ಬೆಳಿಗ್ಗೆ ಕೈ ಚಾವಿ ಹುಡುಕುತ್ತದೆ ಎಂದರು ಸರ್. "ಮಾರಿಬಿಡು. ತೊಗೊಳ್ಳೋರಿಗಿ ಎಲ್ಲಾ ಹೇಳು. ಎಷ್ಟು ಸಲ ಬಡದದ, ಎಲ್ಲೆಲ್ಲಿ ಬಡದದ, ಒಂದೂ ಮುಚ್ಚಿಡಬ್ಯಾಡ."

ಹೋದ ವಾರ ಸೇಡಂ ಕಡೆಯ ಒಬ್ಬರು ಗಾಡಿ ನೋಡಲು ಬಂದಿದ್ದರು. ಅವರ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ಗಾಡಿಯ ಎಡಗಡೆಗೆ ಕರೆದೊಯ್ದು, ಕನ್ನಡಿ ಬದಲಿಸಿದ್ದು, ಹಿಂದಿನ ಟೈರು ಸೀಳಿದ್ದು, ಮುಂದಿನ ರಿಮ್ಮು ಬಾಗಿದ್ದು, ತೋಳು ಹೊಸದು, ನೀರಿನ ಡಬ್ಬಿಗೆ ಅಂಟು ಹಚ್ಚಿದ್ದು, ಗೀರುಗಳಲ್ಲಿ ಯಾವುದು ಯಾವಾಗ ಆದದ್ದು, ಎಲ್ಲವನ್ನೂ ಬೆರಳಿಟ್ಟು ತೋರಿಸಿ ಹೇಳಿದೆ. ಹೇಳಿ ಮುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ.